ಮುದ್ದಿನ ಮರಿ ಮತ್ತು ಮಿತ್ರನ ಮೌನ

ಇತ್ತೀಚಿನ ವರ್ಷಗಳಲ್ಲಿ ನಗರಗಳಲ್ಲಿ ನೆಲೆಸಿದ ಶ್ರಾವಕ ಕುಟುಂಬಗಳಲ್ಲಿ ಹೊಸದೊಂದು ರೂಢಿ ಬೇರೂರುತ್ತಿದೆ. ಮಗುವಿನ ಹುಟ್ಟುಹಬ್ಬ, ಪರೀಕ್ಷೆಯ ಫಲಿತಾಂಶ, ಗೃಹಪ್ರವೇಶ, ಹೀಗೆ ಏನಾದರೊಂದು ನೆಪ. ಸಂಜೆ ಪೇಟೆಗೆ ಹೋದವರು ಮರಳುವಾಗ ಕೈಯಲ್ಲೊಂದು ನಾಯಿಮರಿ, ಇಲ್ಲವೇ ಬೆಕ್ಕಿನ ಮರಿ, ಇಲ್ಲವೇ ಪಂಜರದಲ್ಲಿ ಜೋಡಿ ಹಕ್ಕಿ. ನಿರ್ಧಾರಕ್ಕೆ ತೆಗೆದುಕೊಂಡ ಕಾಲ ಅರ್ಧ ಗಂಟೆ. ಸ್ನೇಹಿತರು ಬಂದು ನೋಡುತ್ತಾರೆ, ಮರಿಯನ್ನು ಎತ್ತಿ ಮುದ್ದಾಡುತ್ತಾರೆ, “ಒಳ್ಳೆಯ ಕೆಲಸ ಮಾಡಿದಿರಿ, ಇದೂ ಜೀವದಯೆಯೇ” ಎಂದು ಹೇಳಿ ಕಾಫಿ ಕುಡಿದು ಹೊರಡುತ್ತಾರೆ. ಗೇಟು ದಾಟಿದ ಮೇಲೆ ಅವರಲ್ಲೇ ಒಬ್ಬರು ಇನ್ನೊಬ್ಬರನ್ನು ಕೇಳುತ್ತಾರೆ: “ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಇದನ್ನು ನೋಡಿಕೊಳ್ಳುವವರು ಯಾರು?” ಒಳಗೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಹೊರಗೆ ಕೇಳಲಾಯಿತು. ಆಕ್ಷೇಪಕ್ಕೆ ಅರ್ಹನಾದವನು ಮರಿಯನ್ನು ತಂದವನೊಬ್ಬನೇ ಅಲ್ಲ. ಗೇಟಿನ ಹೊರಗೆ ಬಾಯಿಬಿಟ್ಟ ಆ ಮಿತ್ರನೂ ಹೌದು.

ಪ್ರಾಣಿಯನ್ನು ಕಂಡು ಮನಸ್ಸು ಕರಗುವುದು ದೋಷವಲ್ಲ. ಆದರೆ ಕರಗಿದ ಮನಸ್ಸೆಲ್ಲವೂ ಕರುಣೆಯಲ್ಲ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳನ್ನು ನಾಲ್ಕು ಬಗೆಯ ಜೀವಿಗಳ ವಿಷಯದಲ್ಲಿ ವಿಂಗಡಿಸಿ ಹೇಳಿದ್ದಾರೆ. ಅವುಗಳಲ್ಲಿ ಕಾರುಣ್ಯವು ಸಂಕಟದಲ್ಲಿರುವ ಜೀವಿಗೆ ಸಲ್ಲತಕ್ಕದ್ದು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕುಳಿತು ಬಾಲ ಅಲ್ಲಾಡಿಸಿದ ಮರಿಯನ್ನು ಕೊಂಡವನು ಅದರ ಸಂಕಟವನ್ನು ಕಂಡು ಕೊಳ್ಳಲಿಲ್ಲ. ತನಗೆ ಇಷ್ಟವಾಯಿತೆಂದು ಕೊಂಡನು. ಇಷ್ಟವಾದದ್ದನ್ನು ತನ್ನದಾಗಿಸಿಕೊಳ್ಳುವ ಭಾವಕ್ಕೆ ಶಾಸ್ತ್ರದಲ್ಲಿ ಇರುವ ಹೆಸರು ದಯೆ ಅಲ್ಲ, ಮೂರ್ಛೆ, ಅಂದರೆ ಪರಿಗ್ರಹ. ಬಾಹ್ಯ ಪರಿಗ್ರಹಗಳನ್ನು ಎಣಿಸುವಾಗ ಹೊಲ, ಮನೆ, ಬೆಳ್ಳಿ, ಬಂಗಾರಗಳ ಜೊತೆಗೆ ‘ಧನ’ವನ್ನೂ ಎಣಿಸಿದ್ದಾರೆ, ಮತ್ತು ಆ ಮಾತಿಗೆ ವ್ಯಾಖ್ಯಾನಕಾರರು ಕೊಡುವ ಅರ್ಥ ಗೋವು ಮೊದಲಾದ ಪ್ರಾಣಿಗಳು. ಚೇತನವುಳ್ಳದ್ದಾದರೂ ಪರಿಗ್ರಹ ಪರಿಗ್ರಹವೇ. ಕಾರು ಕೊಳ್ಳುವ ಮುನ್ನ ಆರು ತಿಂಗಳು ವಿಚಾರಿಸುವ, ಮಗಳಿಗೆ ವರನನ್ನು ನೋಡುವಾಗ ಮೂರು ತಲೆಮಾರನ್ನು ಕೆದಕುವ ಮನೆತನಗಳು, ಹತ್ತು ಹನ್ನೆರಡು ವರ್ಷ ಬದುಕುವ ಪಂಚೇಂದ್ರಿಯ ಜೀವವೊಂದನ್ನು ಮನೆಗೆ ತರುವಾಗ ಮಾತ್ರ ಯಾವ ವಿಚಾರವನ್ನೂ ಮಾಡದಿರುವುದು ಆಶ್ಚರ್ಯದ ಸಂಗತಿ. ಗಿಳಿಯಾದರೆ ಇಪ್ಪತ್ತು ವರ್ಷವನ್ನೂ ಮೀರಿ ಬದುಕಬಲ್ಲದು. ಆಮೆಯಾದರೆ ತಂದವನ ಮಕ್ಕಳಿಗೂ ಉಳಿದೀತು.

ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಒಪ್ಪಿಸಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವನ್ನು ಎತ್ತು ಕುದುರೆಗಳ ಕಾಲದ ಮಾತೆಂದು ಬದಿಗಿಡುವವರಿದ್ದಾರೆ. ವಾಸ್ತವವಾಗಿ ಈ ಐದರಷ್ಟು ನಿಖರವಾಗಿ ಇಂದಿನ ಫ್ಲಾಟಿನ ನಾಯಿಯ ಬದುಕನ್ನು ವರ್ಣಿಸುವ ಮಾತು ಬೇರೊಂದಿಲ್ಲ. ಬಂಧವೆಂದರೆ ಹಗ್ಗದಿಂದ ಕಟ್ಟುವುದಷ್ಟೇ ಅಲ್ಲ. ಜೀವಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದೆಲ್ಲವೂ ಬಂಧ. ಬೆಳಿಗ್ಗೆ ಎಂಟಕ್ಕೆ ಬೀಗ ಹಾಕಿ ಸಂಜೆ ಏಳಕ್ಕೆ ತೆರೆಯುವ ಮನೆಯ ಬಾಲ್ಕನಿಯಲ್ಲಿ ಹನ್ನೊಂದು ಗಂಟೆ ಒಂಟಿಯಾಗಿ ಕೂಗುವ ನಾಯಿಯದು ಬಂಧವಲ್ಲವೇ? ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು ಎಂದು ವ್ಯಾಖ್ಯಾನಕಾರರು ಸ್ಪಷ್ಟಪಡಿಸಿದ್ದಾರೆ. ಕೂಗಿದ್ದಕ್ಕೆ ನೆರೆಮನೆಯವರು ದೂರಿದಾಗ, ಸೋಫಾ ಕಚ್ಚಿದಾಗ, ರತ್ನಗಂಬಳಿ ಕೊಳೆ ಮಾಡಿದಾಗ ಬೀಳುವ ಪೆಟ್ಟು ಅದೇ. ಛೇದವೆಂದರೆ ಅವಯವಗಳನ್ನು ಕತ್ತರಿಸುವುದು. ಕೆಲವು ತಳಿಗಳು ಗತ್ತಿನಿಂದ ಕಾಣಲೆಂದು ಮರಿಯಿರುವಾಗಲೇ ಬಾಲವನ್ನು ಮೊಟಕುಗೊಳಿಸಿ, ಕಿವಿಯನ್ನು ಕತ್ತರಿಸಿ ನೆಟ್ಟಗೆ ನಿಲ್ಲಿಸುವ ಪದ್ಧತಿಯಿದೆ. ಬಾಲ ಮೊಂಡಾದ ಡಾಬರ್‌ಮನ್ ಮರಿಯನ್ನು ಮೆಚ್ಚಿ ಕೊಂಡ ಶ್ರಾವಕನು ಕತ್ತರಿಯನ್ನು ಕೈಯಿಂದ ಹಿಡಿಯಲಿಲ್ಲ ನಿಜ. ಕತ್ತರಿಸಿದವನಿಗೆ ಕೂಲಿ ಕೊಟ್ಟವನು ಅವನೇ. ಹಿಮದ ನಾಡಿಗಾಗಿ ದಟ್ಟ ರೋಮ ಬೆಳೆಸಿಕೊಂಡ ಹಸ್ಕಿಯನ್ನು ಕಲಬುರಗಿಯ ವೈಶಾಖದಲ್ಲಿ ಸಾಕುವುದು ಅತಿಭಾರವಲ್ಲದೆ ಮತ್ತೇನು? ಅದು ಹೊರುತ್ತಿರುವ ಭಾರ ಅದರ ಚರ್ಮವೇ.

ಐದನೆಯದಾದ ಅನ್ನಪಾನನಿರೋಧದ ವಿಷಯದಲ್ಲಿ ಜೈನ ಮನೆಗಳ ಇಕ್ಕಟ್ಟು ಇತರರದಕ್ಕಿಂತ ದೊಡ್ಡದು, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾಯಿಯು ಎಚ್ಚರಿಕೆಯಿಂದ ಹೊಂದಿಸಿದ ಸಸ್ಯಾಹಾರದಲ್ಲಿ ಬದುಕಬಲ್ಲದು. ಬೆಕ್ಕು ಹಾಗಲ್ಲ. ಅದರ ಶರೀರರಚನೆಯೇ ಮಾಂಸಾಹಾರಕ್ಕೆ ಕಟ್ಟಿದ್ದು. ಟಾರಿನ್ ಎಂಬ ಅಂಶವನ್ನು ಅದು ತನ್ನ ದೇಹದಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು. ಅದು ಪ್ರಾಣಿಜನ್ಯ ಆಹಾರದಿಂದಲೇ ಒದಗಬೇಕು, ಇಲ್ಲವೇ ಕೃತಕವಾಗಿ ಬೆರೆಸಿಕೊಡಬೇಕು. ಅದು ಕೊರತೆಯಾದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹಾಲು ಅನ್ನ ಹಾಕಿದರೆ ಸಾಕೆಂಬ ಹಳೆಯ ನಂಬಿಕೆಗೂ ಆಧಾರವಿಲ್ಲ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗುವುದಿಲ್ಲ. ಹಳ್ಳಿಮನೆಯ ಬೆಕ್ಕು ಹಾಲು ಕುಡಿದು ಬದುಕಿತೆಂದು ಅಜ್ಜಿಯರು ಹೇಳುತ್ತಿದ್ದರು. ಅದು ಬದುಕಿದ್ದು ಹಾಲಿನಿಂದಲ್ಲ, ಅಟ್ಟದ ಇಲಿಗಳಿಂದ. ಹೀಗಿರುವಾಗ ಬೆಕ್ಕನ್ನು ತಂದ ಜೈನ ಗೃಹಸ್ಥನ ಮುಂದೆ ಉಳಿಯುವ ದಾರಿ ಎರಡು: ಕಂದಮೂಲವನ್ನೂ ತಾರದ ಅಡುಗೆಮನೆಗೆ ಮೀನಿನ, ಕೋಳಿಯ ಡಬ್ಬಿಗಳನ್ನು ತರುವುದು, ಇಲ್ಲವೇ ತನ್ನ ವ್ರತವನ್ನು ಬೆಕ್ಕಿನ ಮೇಲೆ ಹೇರಿ ಅದನ್ನು ನಿಧಾನವಾಗಿ ಕುರುಡಾಗಿಸುವುದು. ಮೊದಲನೆಯದು ತನ್ನ ಹಿಂಸೆ, ಎರಡನೆಯದು ಅದರ ಹಿಂಸೆ. ಹಿಂದಿನವರಿಗೆ ಈ ಇಕ್ಕಟ್ಟು ತಿಳಿಯದೆ ಇರಲಿಲ್ಲ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷೆಯಲ್ಲಿ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನು ಆಯುಧಗಳ ಮಾರಾಟದೊಂದಿಗೆ ಸೇರಿಸಿ ಅನರ್ಥದಂಡವೆಂದು ಎಣಿಸಲಾಗಿದೆ. ಪ್ರಯೋಜನವಿಲ್ಲದೆ ಹಿಂಸೆಗೆ ಎಡೆಮಾಡುವ ಕಾರ್ಯವೆಂಬುದೇ ಆ ಮಾತಿನ ಅರ್ಥ. ಇದು ಬೆಕ್ಕಿನ ಮೇಲಿನ ದ್ವೇಷದಿಂದ ಬಂದ ಮಾತಲ್ಲ. ಬೆಕ್ಕಿಗೆ ಪಾಪಪುಣ್ಯದ ವಿವೇಚನೆಯಿಲ್ಲ, ಅದು ತನ್ನ ಸ್ವಭಾವದಂತೆ ನಡೆಯುತ್ತದೆ. ವಿವೇಚನೆಯಿರುವುದು ಅದನ್ನು ತಂದವನಿಗೆ.

ಇನ್ನೊಂದು ಸಂಗತಿಯೂ ಇದೆ, ಹೇಳಲು ಸಂಕೋಚವಾಗುವಷ್ಟು ಚಿಕ್ಕದು. ನಾಯಿಯ ಮೈಮೇಲೆ ಉಣ್ಣಿ ಹತ್ತುತ್ತದೆ, ಹೊಟ್ಟೆಯಲ್ಲಿ ಜಂತು ಹುಟ್ಟುತ್ತದೆ. ಔಷಧ ಹಾಕದಿದ್ದರೆ ನಾಯಿ ಸೊರಗಿ ಸಾಯುತ್ತದೆ. ಹಾಕಿದರೆ ಆ ಸಣ್ಣ ಜೀವಿಗಳು ನೂರಾರು ಸಂಖ್ಯೆಯಲ್ಲಿ ಸಾಯುತ್ತವೆ. ನೀರನ್ನು ಸೋಸಿ ಕುಡಿಯುವ, ಇರುವೆ ಸಾಲನ್ನು ಕಂಡು ಪೊರಕೆಯನ್ನು ತಡೆಯುವ ಅಜ್ಜಿಯಿರುವ ಮನೆಯಲ್ಲಿ ತಿಂಗಳಿಗೊಮ್ಮೆ ಈ ಕೆಲಸವನ್ನು ಯಾರು ಮಾಡುತ್ತಾರೆ? ಮಾಡುವವನು ಮನೆಯ ಕೆಲಸದ ಹುಡುಗನೇ ಆಗಿರುತ್ತಾನೆ. ಹಾಗೆಂದು ಔಷಧ ಹಾಕಬಾರದೆಂದಲ್ಲ, ನಾಯಿಯನ್ನು ತಂದ ಮೇಲೆ ಹಾಕಲೇಬೇಕು. ತರುವ ಮುನ್ನ ಇದನ್ನು ಲೆಕ್ಕಕ್ಕೆ ತೆಗೆದುಕೊಂಡವರು ಎಷ್ಟು ಮಂದಿ ಎಂಬುದಷ್ಟೇ ಪ್ರಶ್ನೆ. ಮುಪ್ಪಿನಲ್ಲಿ ಗುಣವಾಗದ ರೋಗ ಬಂದಾಗ ಪಶುವೈದ್ಯರು ಸೂಜಿಯ ಮಾತೆತ್ತುತ್ತಾರೆ. ಆ ಹೊತ್ತಿನಲ್ಲಿ ಜೈನ ಕುಟುಂಬವೊಂದು ಅನುಭವಿಸುವ ತಳಮಳವನ್ನು ಕಂಡವರೇ ಬಲ್ಲರು.

ಕೃತ, ಕಾರಿತ, ಅನುಮೋದನ. ಮಾಡಿದ್ದು, ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಎಂಬ ಮೂರನ್ನೂ ಮನವಚನಕಾಯಗಳಿಂದ ಗುಣಿಸಿ ಲೆಕ್ಕ ಹಾಕುವ ಧರ್ಮದಲ್ಲಿ ಹುಟ್ಟಿದವರಿಗೆ ಪೇಟೆಯ ಮರಿ ಎಲ್ಲಿಂದ ಬಂತೆಂಬ ಪ್ರಶ್ನೆ ಏಳದಿರುವುದು ಹೇಗೆ? ಮರಿಯ ಹಿಂದೆ ಒಂದು ತಾಯಿ ಇದೆ. ಹಲವೆಡೆ ಆ ತಾಯಿ ಬೆದೆಗೆ ಬಂದಾಗಲೆಲ್ಲ ಈಯುತ್ತ, ಕಿರಿದಾದ ಗೂಡಿನಲ್ಲೇ ಮುಪ್ಪಾಗುತ್ತದೆ. ೨೦೧೭ರ ನಾಯಿ ಸಂತಾನಾಭಿವೃದ್ಧಿ ನಿಯಮಗಳೂ ೨೦೧೮ರ ಸಾಕುಪ್ರಾಣಿ ಅಂಗಡಿ ನಿಯಮಗಳೂ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯನ್ನು ಕಡ್ಡಾಯ ಮಾಡಿವೆ. ನೋಂದಣಿಯ ಪತ್ರವನ್ನು ತೋರಿಸಿರೆಂದು ಕೇಳಿದ ಗಿರಾಕಿಗಳು ವಿರಳ. ಬೆಲೆಯಲ್ಲಿ ಚೌಕಾಶಿ ಮಾಡಿದವರು ಮಾತ್ರ ಹೇರಳ. ಹಕ್ಕಿಗಳ ವಿಷಯವಂತೂ ಇನ್ನೂ ಕೆಟ್ಟದ್ದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಈ ನಾಡಿನ ಗಿಳಿಯನ್ನು ಹಿಡಿಯುವುದೂ ಮಾರುವುದೂ ಸಾಕುವುದೂ ಅಪರಾಧ. ನಕ್ಷತ್ರ ಆಮೆಯದೂ ಅದೇ ಕಥೆ. ಮಹಾವೀರ ಜಯಂತಿಯ ದಿನ ಅಭಯದಾನವೆಂದು ಹಕ್ಕಿಗಳನ್ನು ಕೊಂಡು ಹಾರಿಬಿಡುವ ಪುಣ್ಯವಂತರೂ ಒಮ್ಮೆ ಯೋಚಿಸಬೇಕು. ಜಯಂತಿಗೆ ಗಿರಾಕಿಗಳು ಬರುವರೆಂದು ತಿಳಿದೇ ಹಕ್ಕಿ ಹಿಡಿಯುವವನು ಹಿಂದಿನ ವಾರ ಬಲೆ ಬೀಸುತ್ತಾನೆ. ಬಿಡಿಸಿದ ಹಕ್ಕಿಗಳ ಲೆಕ್ಕ ವರದಿಯಲ್ಲಿ ಬರುತ್ತದೆ, ಬುಟ್ಟಿಯಲ್ಲೇ ಸತ್ತವುಗಳ ಲೆಕ್ಕ ಬರುವುದಿಲ್ಲ.

ಕನ್ನಡದ ಜೈನ ಓದುಗರಿಗೆ ಯಶೋಧರನ ಕಥೆ ಹೊಸದಲ್ಲ. ಹದಿಮೂರನೆಯ ಶತಮಾನದ ಆರಂಭದಲ್ಲಿ ಜನ್ನನು ಅದನ್ನು ಕನ್ನಡಕ್ಕೆ ತಂದಾಗಿನಿಂದ ಹಿಟ್ಟಿನ ಕೋಳಿಯ ಪ್ರಸಂಗವನ್ನು ಎಲ್ಲರೂ ನೆನೆಯುತ್ತಾರೆ. ಅದರ ಮುಂದಿನ ಭವವನ್ನು ನೆನೆಯುವವರು ಕಡಿಮೆ. ಸತ್ತ ಯಶೋಧರನು ನವಿಲಾಗಿ, ತಾಯಿ ಚಂದ್ರಮತಿ ನಾಯಿಯಾಗಿ ಹುಟ್ಟುತ್ತಾರೆ. ಎರಡೂ ಪ್ರಾಣಿಗಳು ಯಶೋಧರನ ಮಗನಾದ ಯಶೋಮತಿಯ ಅರಮನೆಗೇ ಕಾಣಿಕೆಯಾಗಿ ಬರುತ್ತವೆ. ಅರಸನು ಮೆಚ್ಚಿ ಸಾಕುತ್ತಾನೆ. ಒಂದು ದಿನ ನಾಯಿ ನವಿಲಿನ ಕೊರಳನ್ನು ಹಿಡಿಯುತ್ತದೆ, ಬಿಡಿಸಲು ಹೋದ ಅರಸನ ಪೆಟ್ಟಿಗೆ ನಾಯಿ ಸಾಯುತ್ತದೆ, ನವಿಲೂ ಉಳಿಯುವುದಿಲ್ಲ. ಮುದ್ದಿಗೆಂದು ಇಟ್ಟುಕೊಂಡ ಎರಡು ಜೀವಗಳು ತನ್ನ ತಂದೆ ಮತ್ತು ಅಜ್ಜಿಯೆಂಬುದು ಅವನಿಗೆ ಗೊತ್ತಿರಲಿಲ್ಲ. ಕರ್ಮದ ವಿಚಿತ್ರ ಗತಿಯನ್ನು ತೋರಿಸಲೆಂದೇ ಕಥೆ ಇದನ್ನು ಹೇಳಿದೆ, ಸಂದೇಹವಿಲ್ಲ. ಆದರೂ ಅರಮನೆಯ ಆ ಅಂಗಳವನ್ನು ಗಮನಿಸಬೇಕು: ಯಾರೋ ತಂದುಕೊಟ್ಟರು, ಚೆನ್ನಾಗಿದೆಯೆಂದು ಇಟ್ಟುಕೊಂಡರು, ಒಂದರ ಸ್ವಭಾವ ಇನ್ನೊಂದಕ್ಕೆ ಮೃತ್ಯುವೆಂಬುದನ್ನು ಯಾರೂ ಯೋಚಿಸಲಿಲ್ಲ. ಕಾಣಿಕೆಯಾಗಿ ಪ್ರಾಣಿಯನ್ನು ಕೊಡುವ, ಪಡೆಯುವ ರೂಢಿಗೆ ಇದಕ್ಕಿಂತ ಕಠೋರವಾದ ಟೀಕೆಯನ್ನು ಇಂದಿನ ಪ್ರಾಣಿದಯಾ ಸಂಘಗಳೂ ಬರೆದಿರಲಾರವು.

ಈಗ ಮಿತ್ರನ ವಿಷಯ. ಅವನು ಗೇಟಿನ ಒಳಗೆ ಏಕೆ ಸುಮ್ಮನಿದ್ದನು? ಕೇಳಿದರೆ ಉಪಗೂಹನವೆನ್ನುತ್ತಾನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಅದೊಂದು, ಸಹಧರ್ಮಿಯ ದೋಷವನ್ನು ಮುಚ್ಚುವುದು. ಆದರೆ ಉಪಗೂಹನಕ್ಕೆ ಹೆಸರಾದ ಜಿನೇಂದ್ರಭಕ್ತ ಶ್ರೇಷ್ಠಿಯು ಮಾಡಿದ್ದೇನು? ಬ್ರಹ್ಮಚಾರಿಯ ವೇಷದಲ್ಲಿ ಬಂದು ಮಣಿಯನ್ನು ಕದ್ದವನನ್ನು ಜನರೆದುರು ಕಾಪಾಡಿದನು, ಧರ್ಮಕ್ಕೆ ಅಪಕೀರ್ತಿ ಬಾರದಂತೆ ನೋಡಿಕೊಂಡನು. ಬಳಿಕ ಏಕಾಂತದಲ್ಲಿ ಆ ಕಳ್ಳನನ್ನು ಹೊರಗೆ ಕಳುಹಿಸಿದನು. ಹೊರಗೆ ಮೌನ, ಒಳಗೆ ಮಾತು. ಇಂದಿನ ಮಿತ್ರನದು ತಲೆಕೆಳಗು: ಒಳಗೆ ಹೊಗಳಿಕೆ, ಹೊರಗೆ ಟೀಕೆ. ಇದು ಉಪಗೂಹನವೂ ಅಲ್ಲ, ಸ್ಥಿತೀಕರಣವೂ ಅಲ್ಲ. ಕಾಫಿಯ ಋಣವೆನ್ನಬಹುದು.

ಸ್ಥಿತೀಕರಣಕ್ಕೆ ಉದಾಹರಣೆಯಾದ ವಾರಿಷೇಣ ಪುಷ್ಪಡಾಲರ ಕಥೆ ಇಲ್ಲಿ ಇನ್ನೂ ಹತ್ತಿರವಾಗುತ್ತದೆ. ಶ್ರೇಣಿಕನ ಮಗನಾದ ವಾರಿಷೇಣ ಮುನಿಗೆ ಆಹಾರವಿತ್ತು, ಅವರನ್ನು ಬೀಳ್ಕೊಡಲೆಂದು ಒಂದಿಷ್ಟು ದೂರ ನಡೆದ ಗೆಳೆಯ ಪುಷ್ಪಡಾಲನು, ಹಿಂತಿರುಗುವೆನೆಂದು ಹೇಳಲಾರದೆ ದಾಕ್ಷಿಣ್ಯಕ್ಕೆ ಸಿಲುಕಿ ದೀಕ್ಷೆಯನ್ನೇ ತೆಗೆದುಕೊಂಡುಬಿಟ್ಟನು. ಆಮೇಲೆ ಹನ್ನೆರಡು ವರ್ಷ ಬಿಟ್ಟುಬಂದ ಹೆಂಡತಿಯನ್ನೇ ನೆನೆಯುತ್ತ ಕಳೆದನು. ಕೊನೆಗೆ ಅವನು ಮನೆಗೆ ಹೊರಟಾಗ ವಾರಿಷೇಣರು ತಡೆದು ಬೈಯಲಿಲ್ಲ. ತಮ್ಮ ಪೂರ್ವಾಶ್ರಮದ ಅರಮನೆಗೆ ಕರೆದೊಯ್ದು, ತಾವು ತೊರೆದುಬಂದ ಪತ್ನಿಯರನ್ನೂ ವೈಭವವನ್ನೂ ತೋರಿಸಿ, ಬೇಕಾದರೆ ಇದೆಲ್ಲವನ್ನೂ ತೆಗೆದುಕೋ ಎಂದರು. ಪುಷ್ಪಡಾಲನು ನಾಚಿ ಮನಸ್ಸನ್ನು ಗಟ್ಟಿಮಾಡಿಕೊಂಡನು. ಪ್ರವಚನಗಳಲ್ಲಿ ಕಥೆಯ ಈ ಕೊನೆಯ ಭಾಗಕ್ಕೇ ಒತ್ತು. ಆದರೆ ಆ ಹನ್ನೆರಡು ವರ್ಷಗಳ ಅಳಲು ಹುಟ್ಟಿದ್ದು ಮೊದಲ ದಿನದ ಅವಸರದಲ್ಲಿ. ದೀಕ್ಷೆಯಂಥ ಶ್ರೇಷ್ಠ ಕಾರ್ಯವೂ ಅರೆಮನಸ್ಸಿನಿಂದ, ಮುಖದಾಕ್ಷಿಣ್ಯಕ್ಕೆ ನಡೆದರೆ ಹೀಗಾಗುತ್ತದೆಂದಾಗ, ಮಗಳ ಹಟಕ್ಕೆ, ಅಂಗಡಿಯವನ ಮಾತಿಗೆ ಕೊಂಡುತಂದ ಮರಿಯ ಗತಿಯೇನು? ಪುಷ್ಪಡಾಲನಿಗಾದರೂ ಅಳುವ ಅವಕಾಶವಿತ್ತು, ಮರಳುವ ಮನೆಯಿತ್ತು. ಗೆಳೆಯನ ಕರ್ತವ್ಯ ಹನ್ನೆರಡನೆಯ ವರ್ಷಕ್ಕೆ ಮೊದಲಾಗುವುದಲ್ಲ.

ಈ ಮಾತಿಗೆ ಉತ್ತರವಾಗಿ ಬರುವ ವಾದಗಳು ಪರಿಚಿತವೇ. ಮಕ್ಕಳು ಪ್ರಾಣಿಯೊಂದಿಗೆ ಬೆಳೆದರೆ ದಯೆ ಕಲಿಯುತ್ತಾರೆ ಎನ್ನುತ್ತಾರೆ. ಕಲಿಯುವುದು ನಿಜ, ಏನನ್ನು ಕಲಿಯುತ್ತಾರೆಂಬುದು ಹಿರಿಯರ ನಡತೆಯನ್ನು ಅವಲಂಬಿಸಿದೆ. ಮೂರು ತಿಂಗಳು ಮುದ್ದಾಡಿ, ನಾಲ್ಕನೆಯ ತಿಂಗಳು ಕಾರಿನಲ್ಲಿ ಕೂರಿಸಿ ಊರ ಹೊರಗೆ ಬಿಟ್ಟುಬಂದದ್ದನ್ನು ಕಂಡ ಮಗು ಕಲಿಯುವುದು ದಯೆಯನ್ನಲ್ಲ. ಬೇಡವಾದ ಜೀವವನ್ನು ಬಿಸುಡಬಹುದೆಂಬುದನ್ನು. ೨೦೨೦ರ ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲೇ ಕುಳಿತ ಬೇಸರಕ್ಕೆ ತಂದ ನಾಯಿಗಳಲ್ಲಿ ಎಷ್ಟೋ ಕಚೇರಿಗಳು ತೆರೆದ ಮೇಲೆ ಬೀದಿಪಾಲಾದುದನ್ನು ದೇಶದ ನಗರಗಳೆಲ್ಲ ಕಂಡಿವೆ. ಮನೆಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಬೀದಿಯ ಬಾಳು ತಿಳಿಯದು. ಅಲ್ಲಿನ ನಾಯಿಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ. ೧೯೬೦ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಹಸಿವು ಬಾಯಾರಿಕೆಗಳಿಗೆ ಗುರಿಯಾಗುವಂತೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆಂದು ಹೇಳಿದೆ, ಮೊದಲ ಅಪರಾಧಕ್ಕೆ ಹತ್ತರಿಂದ ಐವತ್ತು ರೂಪಾಯಿ ದಂಡವೆಂದೂ ಹೇಳಿದೆ. ಒಂದು ಮಸಾಲೆ ದೋಸೆಯ ಬೆಲೆ. ಸರ್ಕಾರದ ಕಾನೂನಿಗೆ ಅಂಜಿ ನಡೆಯಬೇಕಾದ ಸಮಾಜ ಇದಲ್ಲವೆಂಬುದು ಒಂದು ಸಮಾಧಾನ.

ಒಂಟಿಯಾದ ಹಿರಿಯರಿಗೆ ನಾಯಿ ಸಂಗಾತಿಯಾಗುತ್ತದೆಂಬ ವಾದದಲ್ಲಿ ಹುರುಳಿದೆ, ನಡೆಸಿಕೊಂಡು ಹೋಗುವ ಶಕ್ತಿ ಅವರಿಗಿದ್ದರೆ. ಅಮೆರಿಕದಲ್ಲಿರುವ ಮಗ ತಾಯಿಗೆ ಕೇಳದೆಯೇ ಕಳುಹಿಸಿಕೊಟ್ಟ ಲ್ಯಾಬ್ರಡಾರ್ ಮರಿ ವರ್ಷದೊಳಗೆ ಮೂವತ್ತು ಕಿಲೋ ತೂಗುತ್ತದೆ, ಎಪ್ಪತ್ತರ ತಾಯಿಗೆ ಅದರ ಹಗ್ಗವನ್ನು ಹಿಡಿಯಲಾಗುವುದಿಲ್ಲ. ಮಗನಿಗೆ ಫೋನಿನಲ್ಲಿ ಎಲ್ಲವೂ ಚೆನ್ನಾಗಿದೆಯೆಂದೇ ಆಕೆ ಹೇಳುತ್ತಾಳೆ.

ಪೇಟೆಯಿಂದ ಕೊಂಡದ್ದಲ್ಲ, ಬೀದಿಯಲ್ಲಿ ಗಾಯಗೊಂಡು ಬಿದ್ದಿದ್ದ ಮರಿಯನ್ನು ಎತ್ತಿತಂದೆವೆನ್ನುವವರ ವಿಷಯ ಬೇರೆ. ಅಲ್ಲಿ ಸಂಕಟವಿದೆ, ಆದ್ದರಿಂದ ಕಾರುಣ್ಯಕ್ಕೆ ಎಡೆಯಿದೆ. ಅವರನ್ನು ಪೇಟೆಯ ಗಿರಾಕಿಗಳೊಂದಿಗೆ ಸೇರಿಸಿ ತೂಗುವುದು ಅನ್ಯಾಯ. ಆದರೆ ಗಾಯ ಮಾಯಿಸುವುದಕ್ಕೂ ಜೀವನಪೂರ್ತಿ ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಅಂತರವಿದೆ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿ ಆಸ್ಪತ್ರೆಯು ಈ ವಿವೇಕಕ್ಕೆ ಸಾಕ್ಷಿ. ಸಸ್ಯಾಹಾರಿ ಹಕ್ಕಿಗಳನ್ನು ಅಲ್ಲಿ ಒಳರೋಗಿಗಳಾಗಿ ಸೇರಿಸಿಕೊಳ್ಳುತ್ತಾರೆ. ಹದ್ದು ಗಿಡುಗಗಳಿಗೆ ಹೊರರೋಗಿಗಳಾಗಿ ಔಷಧ ಕೊಡುತ್ತಾರೆ, ಒಳಗಿಟ್ಟು ಮಾಂಸ ಹಾಕುವ ಪ್ರಸಂಗವನ್ನು ತಂದುಕೊಳ್ಳುವುದಿಲ್ಲ. ಗುಣವಾದ ಹಕ್ಕಿ ಆಕಾಶಕ್ಕೆ. ಎಷ್ಟು ಮಾಡಬಲ್ಲೆವು, ಎಲ್ಲಿ ನಿಲ್ಲಬೇಕು ಎಂಬುದನ್ನು ಅವರು ಮೊದಲೇ ಗೊತ್ತುಮಾಡಿಕೊಂಡಿದ್ದಾರೆ. ಗುಜರಾತಿನ ಪಾಂಜರಾಪೋಳಗಳು ತಲೆಮಾರುಗಳ ಕಾಲ ಉಳಿದುಬಂದದ್ದೂ ಯಾರೋ ಒಬ್ಬರ ಒಂದು ಸಂಜೆಯ ಉತ್ಸಾಹದ ಮೇಲಲ್ಲ, ವರ್ತಕ ಮಹಾಜನರು ವ್ಯಾಪಾರದಿಂದ ಎತ್ತಿಟ್ಟ ನಿಧಿಯ ಮೇಲೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇದರಲ್ಲಿ ಪಾಲಿದೆ. ಬೇಡವಾದ ಪ್ರಾಣಿಗೆ ದಯಾಧರ್ಮದವರ ಬಾಗಿಲು ಎಂಬ ಲೆಕ್ಕದಲ್ಲಿ ಬಸದಿಯ ಆವರಣದಲ್ಲಿ ನಾಯಿಮರಿಯನ್ನು, ಬಾವಿಯಲ್ಲಿ ಆಮೆಯನ್ನು ಬಿಟ್ಟುಹೋದರೆ, ಹೊಣೆ ಬೀಳುವುದು ಸಂಬಳ ಸಾಲದ ಅರ್ಚಕರ ಮೇಲೆ. ಜೀವದಯಾ ನಿಧಿಯೆಂದು ಹುಂಡಿ ಇಟ್ಟಿರುವ ಮಂಡಳಿಗಳು ಆ ಹಣವನ್ನು ವರ್ಷಕ್ಕೊಂದು ದಿನದ ಹಕ್ಕಿ ಬಿಡುಗಡೆಗೆ ವ್ಯಯಿಸುವುದನ್ನು ನಿಲ್ಲಿಸಿ, ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕರೆಸಿ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಲಿ. ಶ್ರಾವಕರು ಸಮ್ಮೇದ ಶಿಖರ್ಜಿಗೆ ಹದಿನೈದು ದಿನದ ಯಾತ್ರೆ ಹೊರಟಾಗ ಅವರ ನಾಯಿಯನ್ನು ಇಟ್ಟುಕೊಳ್ಳಬಲ್ಲ ಮನೆಗಳ ಪಟ್ಟಿಯೊಂದನ್ನು ಕಚೇರಿಯಲ್ಲಿ ಬರೆದಿಡಲಿ. ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ಉತ್ತಮ ಸಂಯಮದ ದಿನದ ಪ್ರವಚನಕ್ಕೆ ಈ ವಿಷಯವನ್ನೇ ಕೊಡಬಹುದು. ಇಂದ್ರಿಯಸಂಯಮ, ಪ್ರಾಣಿಸಂಯಮ ಎರಡೂ ಇದರಲ್ಲಿ ಅಡಗಿವೆ. ಪ್ರಾಣಿ ಬೇಕೆನ್ನುವ ಕುಟುಂಬವು ಮೊದಲ ಮೂರು ತಿಂಗಳು ಬೇರೊಬ್ಬರ ನಾಯಿಯನ್ನು ಬೆಳಗಿನ ಹೊತ್ತು ತಿರುಗಾಡಿಸಿ ಬರಲಿ ಎಂದು ಸಲಹೆ ಕೊಟ್ಟರೂ ಆದೀತು. ಮಳೆಗಾಲದ ಮೂರು ತಿಂಗಳಾದರೆ ಒಳ್ಳೆಯದು.